ನಾಲ್ಕನೆಯವರಿಗೆ ತೋರಿಸಿದ ವರದಿ

ಮನೆಯ ಮೇಲಿನ ಕೋಣೆಯಿಂದ
ಶನಿವಾರ, ಹತ್ತನೇ ತಾರೀಖು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಮಗಳ ಮನೆಯಲ್ಲಿ ಮೆಟ್ಟಿಲಿಲ್ಲ ಎಂಬುದೇ ನನಗೆ ಸಮಾಧಾನ. ಆದರೆ ಮಗುವನ್ನು ಎತ್ತಿಕೊಂಡು ನೀವು ಮನೆಯೆಲ್ಲ ಸುತ್ತುತ್ತಿದ್ದೀರಿ ಎಂದು ನಿಮ್ಮ ಮಗಳೇ ಚಾಡಿ ಹೇಳಿದ್ದಾಳೆ. ಕೂತುಕೊಂಡು ಎತ್ತಿಕೊಳ್ಳಿ. ಮಗು ರಾತ್ರಿ ನಿದ್ದೆ ಮಾಡುತ್ತದೆಯೇ? ಅದರ ಮೂಗು ನಿಮ್ಮದೇ ಎಂದು ಬರೆದಿದ್ದೀರಿ. ಪಾಪ, ಬೆಳೆಯುತ್ತಾ ಸರಿಹೋದೀತು. ಇಲ್ಲಿ ಎಲ್ಲರೂ ಆರೋಗ್ಯ. ನಿಮ್ಮ ಮಗ ಎರಡು ಕಿಲೋ ಹೆಚ್ಚಾಗಿದ್ದಾರೆ, ಅದು ತೂಕದ ಯಂತ್ರದ ತಪ್ಪಂತೆ.

ಮನೆ ಮಾರಾಟದ ಸಂಗತಿ ಏನಾಯಿತು ಎಂದು ಎರಡು ಪತ್ರದಲ್ಲಿ ಕೇಳಿದ್ದೀರಿ, ನಾನು ಎರಡರಲ್ಲೂ ಹವಾಮಾನದ ಬಗ್ಗೆ ಬರೆದೆ. ಈಗ ಕ್ರಮವಾಗಿ ಹೇಳುತ್ತೇನೆ. ನೀವು ಹೋದ ಮೇಲೆ ಮೂರು ಮನೆಯವರು ನೋಡಲು ಬಂದರು. ಮೂವರೂ ಇಷ್ಟಪಟ್ಟರು, ಮೂವರೂ ತಪಾಸಣೆಗೆ ಇಂಜಿನಿಯರನ್ನು ಕರೆತಂದರು, ಆಮೇಲೆ ಮೂವರೂ ಈ ಕಡೆ ತಲೆ ಹಾಕಲಿಲ್ಲ. ಬಂದದ್ದು ಮೂರು ಸಲವೂ ಅದೇ ಇಂಜಿನಿಯರ್. ಅದೇ ಏಣಿ, ಅದೇ ಟಾರ್ಚು. ಮೂರನೇ ಸಲ ಬಾಗಿಲಲ್ಲೇ "ಏನಮ್ಮಾ, ಟೀಗೆ ಸಕ್ಕರೆ ಕಮ್ಮಿ ಹಾಕಿ" ಎಂದುಕೊಂಡೇ ಒಳಗೆ ಬಂದರು. ಏನು ಬರೆದಿರಿ ಎಂದು ಕೇಳಿದರೆ, "ವರದಿ ಫೀಸು ಕೊಟ್ಟವರಿಗೆ. ನಿಮ್ಮ ಹತ್ರ ನಂಗಿರೋದು ಟೀ ಕುಡಿದ ಋಣ ಮಾತ್ರ" ಎಂದು ನಕ್ಕು ಹೋದರು. ಒಂದೇ ಮನೆಗೆ ಮೂವರು ಮೂರು ಸಲ ಹಣ ಕೊಟ್ಟು ಒಂದೇ ಸಂಗತಿ ತಿಳಿದುಕೊಂಡರು. ತಿಳಿಯದೆ ಉಳಿದದ್ದು ಅದರೊಳಗೆ ವಾಸವಾಗಿರುವ ನಮಗೆ ಮಾತ್ರ.

ಹಾಗಾಗಿ ನಾವು ಊಹೆಯ ಮೇಲೆ ರಿಪೇರಿ ಮಾಡಿದೆವು. ಮೊದಲನೆಯವರು ಹೋದಾಗ ಗೇಟಿಗೆ ಬಣ್ಣ ಹೊಡೆದೆವು. ಎರಡನೆಯವರು ಹೋದಾಗ ಬಚ್ಚಲಿನ ನಲ್ಲಿ ಬದಲಾಯಿಸಿದೆವು. ಮೂರನೆಯವರು ಹೋದಾಗ ನಿಮ್ಮ ಮಗ ಹಸಿರು ಗೇಟನ್ನು ಮತ್ತೆ ಬೂದಿಬಣ್ಣ ಮಾಡಲು ಹೊರಟಿದ್ದರು. ಅಷ್ಟರಲ್ಲಿ ಆ ಮೂರನೆಯವರು, ಆಸ್ಪತ್ರೆಯ ನರ್ಸ್ ಒಬ್ಬರು, ತಾವೇ ಬಂದು ತಮ್ಮ ವರದಿಯ ಪ್ರತಿಯನ್ನು ನನ್ನ ಕೈಯಲ್ಲಿಟ್ಟರು. "ಅಕ್ಕಾ, ನಾವಂತೂ ತಗೊಳ್ಳಲ್ಲ. ಆದ್ರೆ ನಿಮಗೆ ಗೊತ್ತಿಲ್ದೇನೇ ಇಲ್ಲಿ ಮಲಗ್ತಿದ್ದೀರಲ್ಲ, ಅದು ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ" ಎಂದರು.

ಅತ್ತೆ, ಅದರ ಹನ್ನೊಂದನೇ ಪುಟ ಅಡುಗೆಮನೆಗೂ ಹಾಲಿಗೂ ನಡುವೆ ಇದ್ದ ಗೋಡೆಯದು. ನೀವು ಒಂದೇ ದಿನದಲ್ಲಿ ತೆಗೆಸಿದ ಗೋಡೆ. ಅದು ಬರೀ ಅಡ್ಡಗೋಡೆಯಲ್ಲ, ಮೇಲಿನ ಕೋಣೆಯ ಭಾರ ಹೊರುತ್ತಿದ್ದ ಗೋಡೆಯಂತೆ. ಅದರ ಜಾಗದಲ್ಲಿ ತೊಲೆ ಕೊಟ್ಟಿಲ್ಲವಾದ್ದರಿಂದ ಚಾವಣಿ ನಡುವೆ ಹದಿನೆಂಟು ಮಿಲಿಮೀಟರ್ ಬಗ್ಗಿದೆ. ಗಾಬರಿ ಬೇಡ. ಮಾರನೇ ದಿನವೇ ಇಂಜಿನಿಯರ್ ಎರಡು ಕಬ್ಬಿಣದ ಆಸರೆ ಕಂಬ ನಿಲ್ಲಿಸಿ, ಇನ್ನು ಭಯವಿಲ್ಲ ಎಂದಿದ್ದಾರೆ. ನಿಮ್ಮ ಮಗ ಒಂದು ಕಂಬಕ್ಕೆ ಟವೆಲ್ ನೇತುಹಾಕುತ್ತಾರೆ. ಅವರಿಗೆ ಯಾವುದೂ ಒಗ್ಗದೆ ಹೋಗುವುದಿಲ್ಲ.

ನಾಲ್ಕನೆಯವರು ಹೋದ ಭಾನುವಾರ ಬಂದರು, ಆಂಬುಲೆನ್ಸ್ ಓಡಿಸುವವರು ಮತ್ತು ಅವರ ಹೆಂಡತಿ. ಬ್ರೋಕರ್ ಮೊದಲೇ ನನ್ನನ್ನು ಮೂಲೆಗೆ ಕರೆದು, ಕಂಬ ಬಿಚ್ಚಿಡಿ, ವರದಿ ಬೀರುವಿನಲ್ಲಿಡಿ ಎಂದು ಪಾಠ ಹೇಳಿದ್ದರು. ಅವರು ಹೇಳಿದ್ದು ನನಗೆ ಅರ್ಥವಾಗದೆ ಇರಲಿಲ್ಲ. ನಾವು ಕೊಳ್ಳಬೇಕೆಂದಿರುವ ಮೆಟ್ಟಿಲಿಲ್ಲದ ಮನೆಯನ್ನು ಅದರ ಮಾಲೀಕರು, ಆ ಗಡಿಯಾರ ರಿಪೇರಿಯವರು, ತಿಂಗಳ ಕೊನೆಯವರೆಗೆ ಮಾತ್ರ ಕಾಯ್ದಿಡುತ್ತಾರೆ. ಇವರೂ ಹೋದರೆ ಅದೂ ಹೋಯಿತು, ನೀವು ಬಂದು ಮತ್ತೆ ಇದೇ ಹದಿನೇಳು ಮೆಟ್ಟಿಲನ್ನು ಮಂಡಿ ಹಿಡಿದುಕೊಂಡು ಹತ್ತಬೇಕು. ಆದರೂ ಅವರು ಕೂತ ತಕ್ಷಣ ವರದಿಯನ್ನು ಮೇಜಿನ ಮೇಲಿಟ್ಟೆ. ಬ್ರೋಕರ್ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. "ಏನ್ರಮ್ಮಾ, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಳ್ತೀರಲ್ಲ! ಅವ್ರೇನಾದ್ರೂ ಕೇಳಿದ್ರಾ?" ಎಂದು ಅವರ ಎದುರಿಗೇ ಬೈದರು. ಕೇಳಿರಲಿಲ್ಲ. ಆ ನರ್ಸೂ ನಾನು ಕೇಳಿದೆನೆಂದು ತಂದುಕೊಟ್ಟಿರಲಿಲ್ಲ.

ಆಂಬುಲೆನ್ಸಿನವರ ಹೆಂಡತಿ ಹದಿನಾಲ್ಕು ಪುಟವನ್ನೂ ಓದಿದರು. ಟೀ ಆರಿತು. ಗಂಡ ಒಮ್ಮೆ ಎದ್ದು ನಿಂತರು, ಆಕೆ ತಲೆ ಎತ್ತದೆ "ಕೂತ್ಕೊಳ್ರೀ" ಎಂದರು, ಕೂತರು. ಆಮೇಲೆ ಆಕೆ ಎದ್ದು ಗೋಡೆ ಇದ್ದ ಅಂಚಿಗೆ ಕೈ ಸವರಿ, "ಇಷ್ಟು ನೀಟಾಗಿ ಬಿಡಿಸಿದ್ದು ಯಾರು? ನಮ್ಮಪ್ಪ ಗಾರೆ ಕೆಲಸದವರು, ಅವ್ರೂ ಹಿಂಗೆ ಬಿಡಿಸ್ತಿರಲಿಲ್ಲ" ಎಂದರು. ನಿಮ್ಮ ಮಗ ಹೆಮ್ಮೆಯಿಂದ "ನಮ್ಮಮ್ಮ ನಿಂತು ಮಾಡಿಸಿದ್ದು" ಎಂದರು. "ಬುದ್ಧಿಯೆಲ್ಲ ಅಂಚಿಗೇ ಖರ್ಚು ಮಾಡಿದ್ದಾರೆ, ತೊಲೆಗೆ ಉಳಿಸಿಲ್ಲ" ಎಂದು ಆಕೆ ನಕ್ಕರು. ಬೇಸರ ಮಾಡಿಕೊಳ್ಳಬೇಡಿ, ನಾನೂ ನಕ್ಕೆ. ಕೊನೆಗೆ ಹೇಳಿದ್ದು ಇಷ್ಟೇ: ಗೋಡೆ ಮತ್ತೆ ಕಟ್ಟಬೇಡಿ, ತೆರೆದ ಜಾಗವೇ ಚೆನ್ನ, ತೊಲೆ ಹಾಕಿಸಿಕೊಡಿ, ಮನೆ ನಮಗಿರಲಿ. ಬುಧವಾರ ತೊಲೆ ಬಂತು, ನಿನ್ನೆ ಕಂಬ ಬಿಚ್ಚಿದರು. ಟವೆಲ್ಲಿಗೆ ಈಗ ಜಾಗವಿಲ್ಲ. ಬ್ರೋಕರ್ ಬೀದಿಯಲ್ಲಿ ಎಲ್ಲರಿಗೂ "ನಾನೇ ಹೇಳ್ದೆ, ಮುಚ್ಚಿಡಬೇಡಿ ಅಂತ" ಎನ್ನುತ್ತಿದ್ದಾರಂತೆ.

ಇನ್ನೊಂದು ತಮಾಷೆ. ಧೈರ್ಯ ಬಂದು ಗಡಿಯಾರದವರನ್ನು ಅವರ ಮನೆಯ ವರದಿ ಇದೆಯೇ ಎಂದು ಕೇಳಿದೆ. ಡ್ರಾಯರಿನಿಂದ ತೆಗೆದುಕೊಟ್ಟರು. "ಎರಡು ವರ್ಷದಿಂದ ಇಟ್ಕೊಂಡಿದ್ದೀನಮ್ಮಾ, ಯಾರೂ ಕೇಳಲೇ ಇಲ್ಲ." ಹಿತ್ತಲಿನ ಪೈಪು ಸೋರುತ್ತದೆ, ಉಳಿದದ್ದೆಲ್ಲ ಗಟ್ಟಿ. ನಿಮ್ಮ ಕೋಣೆಯಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ, ನಾನೇ ನಡೆದು ನೋಡಿದೆ.

ನಾದಿನಿಗೆ ನನ್ನ ಪ್ರೀತಿ, ಮಗುವಿನ ಎರಡೂ ಕೆನ್ನೆಗೆ ಮುತ್ತು. ನೀವು ಅಲ್ಲಿಂದಲೇ ನಮ್ಮನ್ನು ಹರಸಿ.

ನಿಮ್ಮ
ಸೊಸೆ

ತಾ.ಕ.: ಅಂಚೆಯ ಹೊತ್ತಾಯಿತು, ಮುಖ್ಯ ಮಾತೇ ಬಿಟ್ಟೆ. ಜೊತೆಗಿರುವ ಹಾಳೆಗೆ ಸಹಿ ಹಾಕಿ ಇಪ್ಪತ್ತರೊಳಗೆ ತಲುಪುವಂತೆ ಕಳಿಸಿ. ಗೋಡೆಯನ್ನು ಯಾವಾಗ, ಯಾರು ತೆಗೆಸಿದರು ಎಂದು ನಾವೇ ಬರೆದು ವರದಿಗೆ ಸೇರಿಸಬೇಕಂತೆ. ನಿಮ್ಮ ಮಗ "ಅಮ್ಮ ತೆಗೆಸಿದ್ದು" ಎಂದು ಬರೆದಿದ್ದರು, ಅದನ್ನು ಹರಿದುಹಾಕಿದೆ. ಹೊಸದಾಗಿ ಮದುವೆಯಾಗಿ ಬಂದ ಎರಡನೇ ತಿಂಗಳು, ಒಲೆಯ ಮುಂದೆ ನಿಂತು "ಇಲ್ಲಿ ಒಬ್ಬಳೇ ಇದ್ರೆ ಉಸಿರು ಕಟ್ಟುತ್ತೆ" ಎಂದು ಅತ್ತವಳು ನಾನು. ಮಾರನೇ ಬೆಳಿಗ್ಗೆ ನೀವು ಗಾರೆಯವನನ್ನು ಕರೆಸಿ, ಕೇಳಿದವರಿಗೆಲ್ಲ ನಿಮಗೇ ಸೆಕೆ ಎಂದಿರಿ. ಹನ್ನೊಂದು ವರ್ಷ ನನ್ನ ಹೆಸರು ಎತ್ತಲಿಲ್ಲ. ಈಗ ಹಾಳೆಯಲ್ಲಿ ಇಬ್ಬರ ಹೆಸರೂ ಇದೆ, ನನ್ನದು ಮೊದಲು. ನಾನು ಸಹಿ ಮಾಡಿದ್ದೇನೆ.