ಟ್ಯೂಬಿನಲ್ಲಿ ನೊರೆ

ಜೂನ್ ೧೪, ರಾತ್ರಿ

ಕಣ್ಣು ಮುಚ್ಚಿದರೆ ಅದೇ ಕನಸು. ನಾನೂ ಭಾವನೂ ಕೆಲಸ ಮಾಡುವ ಲ್ಯಾಬಿನ ಸೂಪರ್‌ವೈಸರ್, ಭಾವನ ತಲೆಯನ್ನು ಟ್ಯೂಬಿನ ಹಾಗೆ ಹಿಡಿದು ಕುಲುಕುತ್ತಾನೆ, ಒಳಗೆಲ್ಲ ಕೆಂಪು ನೊರೆ.

ಒಂದು ಚಿಟಿಕೆ ಪುಡಿಗಾಗಿ ಇಷ್ಟೆಲ್ಲ. ಮೈ ಕಾಯುವ ಜೀವಕೋಶಗಳಿಗೆ ರೋಗವನ್ನು ಹಿಡಿಯುವ ಕೊಕ್ಕೆಯಂಥ ಪ್ರೋಟೀನು ಇರುತ್ತದಂತೆ. ಅದನ್ನೇ ಲ್ಯಾಬಿನಲ್ಲಿ ಬೆಳೆಸಿ ಒಣಗಿಸಿ ಪುಡಿ ಮಾಡಿರುತ್ತಾರೆ. ಟ್ಯೂಬಿನಲ್ಲಿ ನೀರು ಬೆರೆಸಿ ಮೆಲ್ಲಗೆ ಹೊರಳಿಸಬೇಕು, ಕುಲುಕಿದರೆ ನೊರೆ ಎದ್ದು ಹಾಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅದು ಗೊತ್ತು. ಇವತ್ತು ಭಾವ ಅದನ್ನು ಕೆಮ್ಮಿನ ಔಷಧಿ ಬಾಟಲಿಯ ಹಾಗೆ ಕುಲುಕಿಬಿಟ್ಟರು.

"ನಿಮ್ಮಪ್ಪನ ಮನೆ ಶರಬತ್ತೇನೋ ಅದು?" ಅಂದ ಸೂಪರ್‌ವೈಸರ್.

"ಮರ್ಯಾದೆ ಕೊಟ್ಟು ಮಾತಾಡಿ ಸಾರ್. ಗೊತ್ತಾಗ್ಲಿಲ್ಲ" ಅಂದರು ಭಾವ.

"ಗೊತ್ತು ಮಾಡಿಸ್ತೀನಿ ತಡಿ" ಎಂದವನೇ ಕೊರಳಪಟ್ಟಿ ಹಿಡಿದು ಅವರ ತಲೆಯನ್ನು ಫ್ರೀಜರ್ ಬಾಗಿಲಿಗೆ ಚಚ್ಚಿದ. ಒಂದು ಸಲವಲ್ಲ, ಮತ್ತೆ ಮತ್ತೆ. ನಾನು ಕಬ್ಬಿಣದ ಸ್ಟ್ಯಾಂಡಿನಿಂದ ಅವನ ಮೊಣಕೈಗೆ ಬಾರಿಸಿದ ಮೇಲೆಯೇ ಬಿಟ್ಟದ್ದು. ಮೂಳೆ ಲಟಕ್ಕೆಂದದ್ದು ಇನ್ನೂ ಕೇಳಿಸುತ್ತಿದೆ. ಅದಕ್ಕೆ ನನಗೆ ಬೇಜಾರಿಲ್ಲ.

ನನ್ನ ಚಿಂತೆಯೆಲ್ಲ ಭಾವನ ಬಗ್ಗೆ. ಕೆಲಸ ಹೋದೀತೆಂದು, ಜಾರಿ ಬಿದ್ದೆ ಅಂತ ಆಸ್ಪತ್ರೆಯವರಿಗೆ ಹೇಳಿದರಂತೆ. ಹಣೆಗೆ ಹೊಲಿಗೆ ಹಾಕಿ ಮನೆಗೆ ಕಳಿಸಿದ್ದಾರೆ. ಕಿವಿಯನ್ನು ಯಾರೂ ನೋಡಿಲ್ಲ. ನಾನು ನೋಡಿದಾಗ ಕಿವಿಯ ಒಳಗಿಂದಲೇ ರಕ್ತ ಇಳಿಯುತ್ತಿತ್ತು. ತಲೆಬುರುಡೆ ಒಡೆದರೆ ಹಾಗಾಗುತ್ತದಂತೆ.

ಫೋನ್ ಮಾಡಿದರೆ ಅಕ್ಕ, "ಹಣೆ ರಕ್ತಾನೇ ಕಣೇ ಕಿವಿಗೆ ಇಳಿದಿರೋದು. ನಿಂಗೆ ಎಲ್ಲದಕ್ಕೂ ಗಾಬರಿ. ಅವರು ಗೊರಕೆ ಹೊಡೀತಿದಾರೆ, ನೀನೂ ಮಲಕ್ಕೋ" ಅಂದಳು.

ಹಣೆಯ ಗಾಯ ಎಡಕ್ಕಿದೆ. ನಾನು ರಕ್ತ ಕಂಡದ್ದು ಬಲಗಿವಿಯಲ್ಲಿ. ಅಥವಾ ಎದುರು ನಿಂತವಳಿಗೆ ಎಡಬಲ ತಿರುಗಿತೋ ಏನೋ. ಗೊರಕೆ ಒಳ್ಳೆಯದೋ ಕೆಟ್ಟದ್ದೋ, ಅದೂ ಗೊತ್ತಿಲ್ಲ.

ಮತ್ತೆ ಫೋನ್ ಮಾಡುತ್ತೇನೆ, ಬೈದರೆ ಬೈಯಲಿ. ಅಕ್ಕಾ, ದೀಪ ಹಾಕಿ ಇನ್ನೊಂದೇ ಒಂದು ಸಲ ನೋಡು, ಯಾವ ಕಡೆಯ ಕಿವಿ ಅಂತ ಹೇಳು ಅನ್ನುತ್ತೇನೆ.