ಅರ್ಧ ಬಾಟಲಿ ಸೆಂಟು

ಮಹಾರಾಜಶ್ರೀ ಟೈಲರ್ ಸಾಹೇಬರಾದ ಅಪ್ಪನವರ ಸನ್ನಿಧಾನಕ್ಕೆ, ಏಕೈಕ ಪುತ್ರನ ವಿಜ್ಞಾಪನೆ.

ತಮ್ಮ ಆ ಅಗ್ಗದ ಸೆಂಟಿಗೆ ಈಗ ಶುಕ್ರದೆಸೆ ಬಂದಿದೆ. ಇವತ್ತು ಆಫೀಸಿಗೆ ಹೊಸ ಹುಡುಗಿಯೊಬ್ಬಳು ಅದನ್ನೇ ಹಾಕಿಕೊಂಡು ಬಂದಳು. "ಏನ್ ಘಮ ಕಣೇ, ಯಾವುದಿದು?" ಅಂತ ಎಲ್ಲರೂ ಮುತ್ತಿಕೊಂಡರು. ತಾವು ಅದನ್ನು ಹಾಕಿಕೊಂಡು ಹೊರಟಾಗಲೆಲ್ಲ "ಕಿಟಕಿ ತೆಗೀರಪ್ಪೋ, ಸೆಂಟಿನ ಸವಾರಿ ಬಂತು!" ಎಂದು ಮೂಗು ಮುಚ್ಚಿ ಡಂಗುರ ಸಾರುತ್ತಿದ್ದವನು ನಾನು.

ಸಂಜೆ ಓಡಿಬಂದು ತಮ್ಮ ಕಪಾಟು ತೆಗೆದೆ. ಅರ್ಧ ಬಾಟಲಿ ಹಾಗೇ ಇತ್ತು. ತಮ್ಮ ಅಂಗಿಯ ಕಾಲರಿಗೆ ಹೊಡೆದು ಮೂಗಿಟ್ಟರೆ, ಬರೀ ನೀರು. ಸೆಂಟು ಚೆಲ್ಲಿ ನಲ್ಲಿ ನೀರು ತುಂಬಿಸಿಟ್ಟ ಮಹಾನುಭಾವ ನಾನೇ ಎಂಬುದು ಆಗ ನೆನಪಾಯಿತು. ತಾವು ಆಸ್ಪತ್ರೆಗೆ ಹೋಗಿ ವಾಪಸ್ ಬರದೇ ಇದ್ದದ್ದು ಅದರ ಮುಂದಿನ ವಾರ.

ಆಸ್ಪತ್ರೆಗೆ ಹೋಗುವ ಮುಂಚಿನ ಆ ವಾರವೆಲ್ಲ ನೀರನ್ನೇ ಹೊಡೆದುಕೊಂಡು ತಾವು ಕೇಳಿದಿರಿ: "ಯಾಕೋ ನನ್ನ ಮೂಗೇ ಸತ್ತಿದೆ ಕಣೋ. ವಾಸನೆ ಬರ್ತಿದೆಯಾ ನೋಡು."

"ಘಮಘಮ ಅಂತಿದೆ ಅಪ್ಪ" ಅಂದೆ, ನಗು ತಡೆದುಕೊಂಡು.

ಹೊಸ ಬಾಟಲಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ನಿನ್ನ ಅಂಗಿಗೆ ಹೊಡೆದರೆ ಅದೂ ಇನ್ನೊಂದು ಕುಚೇಷ್ಟೆಯೇ ಆಗುತ್ತೆ ಅಪ್ಪ. ಅದಕ್ಕೇ ಕಾಲರ್ ಒಣಗುವವರೆಗೂ ಅಂಗಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.