ಮನೆ ಯಜಮಾನರು ಯಾರು?

ದುರ್ಗಿಗುಡಿ, ಶಿವಮೊಗ್ಗ
೨೬-೫-೧೯೬೩

ಚಿ. ಜಯಶೀಲಾಳಿಗೆ ಅನೇಕ ಆಶೀರ್ವಾದಗಳು.

ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಕೋಪ ಮಾಡಿಕೊಳ್ಳಬೇಡ ಮಗಳೇ. ‘ಆಗುತ್ತೆ, ನೋಡೋಣ’ ಎಂದು ಬರೆದು ಬರೆದು ನನಗೇ ನಾಚಿಕೆಯಾಗಿತ್ತು. ಈ ಸಲ ಮನೆ ಸಿಕ್ಕಿದ ಮೇಲೆಯೇ ಪೆನ್ನು ಹಿಡಿಯುವುದು ಎಂದು ಹಟ ಮಾಡಿಕೊಂಡು ಕೂತಿದ್ದೆ. ಸಿಕ್ಕಿತು ಕಣೇ. ನಿನ್ನನ್ನು ಭದ್ರಾವತಿಯಿಂದ ಕರೆದುಕೊಂಡು ಬರಲು ನನಗೀಗ ಒಂದು ಮನೆಯಿದೆ.

ನಿಮ್ಮಪ್ಪ ತೀರಿಕೊಂಡ ಮೇಲೆ ಈ ಊರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ನಾನು ಹತ್ತದ ಜಗಲಿ ಇಲ್ಲ. ಶಾಲೆಯಲ್ಲಿ ಹೊಲಿಗೆ ಕಲಿಸುತ್ತೇನೆ, ಸಂಬಳ ಬರುತ್ತದೆ ಎಂದರೆ ತಲೆಯಾಡಿಸುತ್ತಿದ್ದರು. ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ, ಯಜಮಾನ್ರು ಏನು ಮಾಡ್ತಾರೆ? ಇಲ್ಲ ಎಂದ ಕೂಡಲೇ ಮನೆಯೂ ಇಲ್ಲವಾಗುತ್ತಿತ್ತು. ನಮ್ಮ ಶಾಲೆಯ ವಿಮಲಮ್ಮನವರ ಮನೆಯ ಮೂಲೆಯಲ್ಲೇ ತಾನೆ ನಾನು ಇಷ್ಟು ದಿನ ಮಲಗುತ್ತಿದ್ದುದು? ಖಾಲಿ ಮನೆ ಯಾರಿಗೆ ಕೊಡಬೇಕೆಂದು ಈಗ ಸರ್ಕಾರವೇ ಹೇಳುತ್ತದೆ, ಬಾಡಿಗೆಯನ್ನೂ ಅದೇ ಗೊತ್ತುಮಾಡುತ್ತದೆ, ರೆಂಟ್ ಕಂಟ್ರೋಲ್ ಆಫೀಸಿಗೆ ಅರ್ಜಿ ಹಾಕಿ ಎಂದು ಅವರೇ ದಾರಿ ತೋರಿಸಿದರು. ಹಾಕಿದೆ. ಅಡಿಕೆ ಮಂಡಿಯ ಶಿವಶಂಕರಪ್ಪನವರ ಹಿತ್ತಲ ಕಡೆಯ ಮನೆ ನನ್ನ ಹೆಸರಿಗೆ ಬಂತು.

ಆ ಮಾರಾಯ ಬೀಗ ತೆಗೆಯಬೇಕಲ್ಲ! ಮನೆ ಖಾಲಿಯಿಲ್ಲ, ನೆಂಟರಿದ್ದಾರೆ ಎಂದರು. ಕಿಟಕಿಯಲ್ಲಿ ಇಣುಕಿ ನೋಡಿದರೆ ನೆಂಟರೆಲ್ಲ ಅಡಿಕೆ ಮೂಟೆಗಳು. ತಕರಾರು ರೆಂಟ್ ಕಂಟ್ರೋಲ್ ಸಾಹೇಬರ ಮುಂದೆ ಹೋಯಿತು.

ಕಳೆದ ವಾರ ವಿಚಾರಣೆ. ಗುಮಾಸ್ತರು ಬಾಗಿಲಲ್ಲಿ ನಿಂತು, “ಮನೆ ಯಜಮಾನ್ರು ಯಾರು? ಬನ್ನಿ” ಎಂದರು. ಆ ಪ್ರಶ್ನೆ ಕೇಳಿ ಕೇಳಿ ಕಿವಿ ತೂತಾಗಿತ್ತು. ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟೆ. ಆ ಕಡೆಯಿಂದ ಶಿವಶಂಕರಪ್ಪನವರೂ ಎದ್ದರು. ಗುಮಾಸ್ತರು ಕರೆದದ್ದು ಮನೆಯ ಮಾಲೀಕರನ್ನು, ನಾನು ತಿಳಿದದ್ದು ಸಂಸಾರ ನಡೆಸುವವರನ್ನು. ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮುಖವೆಲ್ಲ ಬಿಸಿಯಾಯಿತು, ಆದರೆ ಕೂರಲಿಲ್ಲ.

“ಗಂಡು ದಿಕ್ಕಿಲ್ಲದ ಸಂಸಾರ ಸ್ವಾಮಿ. ನಾಳೆ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳ್ಲಿ?” ಎಂದರು ಶಿವಶಂಕರಪ್ಪ.

“ನನ್ನನ್ನೇ ಕೇಳಿ. ದುಡಿಯೋಳು ನಾನು, ಒಲೆ ಹಚ್ಚೋಳು ನಾನು. ನಮ್ಮನೆ ಯಜಮಾನ ನಾನೇ” ಎಂದೆ.

ಸಾಹೇಬರು ನಗಲಿಲ್ಲ. ನಿಮ್ಮ ನೆಂಟರ ಹೆಸರೇನು ಎಂದು ಶಿವಶಂಕರಪ್ಪನವರನ್ನು ಕೇಳಿದರು. ಅವರು ತಡವರಿಸಿದರು. ಸಂಜೆಯೊಳಗೆ ಬೀಗದ ಕೈ ಕೊಡಬೇಕೆಂದು ಅಪ್ಪಣೆಯಾಯಿತು.

ಕೊಟ್ಟರು, ಕೊಟ್ಟು, ಬಾವಿಯ ಹಗ್ಗ ಬಿಚ್ಚಿಟ್ಟುಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ. ಗಾಂಧಿ ಬಜಾರಿನಿಂದ ಹೊಸ ಹಗ್ಗ ತಂದು, ಅವರು ಜಗಲಿಯಲ್ಲಿ ಪೇಪರ್ ಓದುವ ಹೊತ್ತಿಗೇ ಸರಿಯಾಗಿ ನೀರು ಸೇದುತ್ತಿದ್ದೇನೆ.

ನಿನ್ನೆ ಹಾಲು ಉಕ್ಕಿಸಿದೆ. ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟೇ. ಹೆಂಚು ಅಲ್ಲಲ್ಲಿ ಒಡೆದಿದೆ. ಕಿಟಕಿಯ ಕೆಳಗೆ ನೀನು ಓದಿಕೊಳ್ಳಲು ಜಾಗ ಬಿಟ್ಟಿದ್ದೇನೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಬಟ್ಟೆ ಕಟ್ಟಿಟ್ಟುಕೊಂಡಿರು. ನಿನ್ನನ್ನು ಸಾಕಿದ ಗಂಗಾಧರ ಮಾವನಿಗೂ ಜಗದಾಂಬಾ ಅತ್ತೆಗೂ ನಾನು ಜನ್ಮವಿಡೀ ಋಣಿ ಎಂದು ಹೇಳು. ಶಿವ ನಿನ್ನನ್ನು ಕಾಯಲಿ. ಯಾರಿಗೂ ತಲೆತಗ್ಗಿಸದೆ ಬೆಳೆ.

ಇತಿ,
ದಾಕ್ಷಾಯಣಮ್ಮ

ತಾ.ಕ.: ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸ್ವಂತ ಮಕ್ಕಳು ಮಾತ್ರ ಇರಬಹುದೆಂಬ ನಿಯಮಕ್ಕೆ ಹೆದರಿ ಮಾವ ನಿನ್ನನ್ನು ತನ್ನ ಮಗಳೆಂದೇ ಹೇಳಿದ್ದ. ಅಕ್ಕಪಕ್ಕದವರ ಎದುರಿಗೆ ಜಗದಾಂಬಾಳನ್ನು ಅಮ್ಮ ಎನ್ನು, ನನ್ನನ್ನು ಅತ್ತೆ ಎನ್ನು ಎಂದು ನಾವೇ ಕಲಿಸಿದ್ದು. ನಿನ್ನ ತಪ್ಪಿಲ್ಲ. ಆದರೆ ಈ ಸಲ ಕಾಗದದಲ್ಲೂ ‘ಪ್ರೀತಿಯ ಅತ್ತೆಗೆ’ ಎಂದು ಬರೆದಿದ್ದೀಯ. ಕಾಗದದಲ್ಲಿ ಅಕ್ಕಪಕ್ಕದವರು ಯಾರೂ ಇರಲಿಲ್ಲವಲ್ಲೇ. ಓದಿ ನನಗೆ ಅನ್ನ ಸೇರಲಿಲ್ಲ. ಭಾನುವಾರ ನಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆ ಒಮ್ಮೆ ಅಮ್ಮಾ ಎಂದು ಕೂಗು. ಗಟ್ಟಿಯಾಗಿಯೇ ಕೂಗು, ಶಿವಶಂಕರಪ್ಪನವರಿಗೆ ಕೇಳಿಸಿದರೆ ಕೇಳಿಸಲಿ.